ಪದ ಪ್ರಶ್ನೆ: ‘ಕುಟುಂಬ’ ಎಂದರೆ ಯಾರು ಯಾರು?

‘ಕುಟುಂಬ’ ಮತ್ತು ಅದರ ನೆರೆಹೊರೆಯ ಪದಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಲಗ್ನಪತ್ರಿಕೆ ಬರೆಯುವಾಗ, ಅರ್ಜಿ ತುಂಬುವಾಗ, ಪಾಲುಪತ್ರ ಓದುವಾಗ, ಸುದ್ದಿ ತಿದ್ದುವಾಗ ಎದುರಾದ ಪ್ರಶ್ನೆಗಳಿವು.

ಪ್ರಶ್ನೆ: ನಮ್ಮ ಅಜ್ಜ ಬರೆದ ಹಳೆಯ ಕಾಗದವೊಂದರಲ್ಲಿ ‘ಕುಟುಂಬಕ್ಕೆ ಮೈಯಲ್ಲಿ ಹುಷಾರಿಲ್ಲ’ ಎಂದಿದೆ. ಮನೆಮಂದಿಗೆಲ್ಲ ಕಾಯಿಲೆಯಾಗಿತ್ತೆ?

ಇಲ್ಲ. ಹುಷಾರು ತಪ್ಪಿದ್ದದ್ದು ನಿಮ್ಮ ಅಜ್ಜಿಗೆ. ಹಿಂದಿನ ತಲೆಮಾರಿನ ಗಂಡಸರು ಹೊರಗಿನವರ ಮುಂದೆ ಹೆಂಡತಿಯ ವಿಷಯ ಎತ್ತಬೇಕಾದಾಗ ‘ಕುಟುಂಬ’ ಎನ್ನುತ್ತಿದ್ದರು. ಹೆಂಡತಿಯ ಹೆಸರನ್ನಾಗಲಿ, ‘ಹೆಂಡತಿ’ ಎಂಬ ಮಾತನ್ನಾಗಲಿ ನಾಲ್ಕು ಜನರೆದುರು ಆಡುವುದು ಮರ್ಯಾದೆಯಲ್ಲ ಎಂದು ತಿಳಿದಿದ್ದ ಕಾಲ ಅದು. ಮರಾಠಿಯಲ್ಲೂ ‘ಕುಟುಂಬ’ಕ್ಕೆ ಹೆಂಡತಿ ಎಂಬ ಅರ್ಥವಿದೆ. ತಮಿಳಿನಲ್ಲಿ ಅದೇ ಕೆಲಸವನ್ನು ‘ಸಂಸಾರಂ’ ಮಾಡುತ್ತದೆ. ಕನ್ನಡದಲ್ಲೂ ‘ನನ್ನ ಸಂಸಾರ ತವರಿಗೆ ಹೋಗಿದೆ’ ಎನ್ನುವವರಿದ್ದರು. ಮನೆ ಎಂದರೆ ಮನೆಯೊಡತಿ ಎಂಬ ಭಾವನೆ ಬಹಳ ಹಳೆಯದು. ‘ಗೃಹಿಣೀ ಗೃಹಮುಚ್ಯತೇ’ ಎಂಬ ಸಂಸ್ಕೃತದ ಮಾತು ಹೇಳುವುದೂ ಅದನ್ನೇ. ಸಂಸ್ಕೃತ ನಿಘಂಟುಗಳಲ್ಲಿ ‘ಕುಟುಂಬಿನೀ’ ಎಂದರೆ ಮನೆಯೊಡತಿ.

ಹಳೆಯ ಕಾಗದ ಓದುವವರು ಮೂರು ಗುರುತು ಹಿಡಿದು ನೋಡಬಹುದು. ಮೊದಲನೆಯದು, ಮಕ್ಕಳನ್ನು ಬೇರೆಯಾಗಿ ಹೇಳಿದೆಯೇ ಎಂಬುದು. ‘ಇತ್ತ ಕುಟುಂಬ, ಮಕ್ಕಳು ಎಲ್ಲ ಕ್ಷೇಮ’ ಎಂದಿದ್ದರೆ ‘ಕುಟುಂಬ’ ಹೆಂಡತಿಯೇ, ಏಕೆಂದರೆ ಮಕ್ಕಳು ಆ ಪದದ ಹೊರಗೆ ಉಳಿದಿದ್ದಾರೆ. ಎರಡನೆಯದು, ಪಕ್ಕದಲ್ಲಿರುವ ಮಾತು: ತವರು, ಬಾಣಂತನ, ಹೆರಿಗೆ, ‘ಕುಟುಂಬಕ್ಕೆ ಆರು ತಿಂಗಳು’ ಇಂಥವು ಬಂದರೆ ಅನುಮಾನವೇ ಇಲ್ಲ. ಮೂರನೆಯದು ಪ್ರತ್ಯಯ. ‘ಕುಟುಂಬದವರಿಗೆ’ ಎಂದಿದ್ದರೆ ಸಾಮಾನ್ಯವಾಗಿ ಮನೆಮಂದಿ. ಬರೀ ‘ಕುಟುಂಬಕ್ಕೆ’ ಎಂದಿದ್ದರೆ ಮೊದಲೆರಡು ಗುರುತು ನೋಡಿ ತೀರ್ಮಾನಿಸಬೇಕು. ವಂಶಾವಳಿ ಬರೆಯುವವರು ಇಲ್ಲಿ ಎಡವುತ್ತಾರೆ. ‘ಆ ವರ್ಷ ಕುಟುಂಬ ತೀರಿಕೊಂಡಿತು’ ಎಂಬ ಸಾಲನ್ನು ನಕಲು ಮಾಡುವಾಗ ಇಡೀ ಮನೆ ನಾಶವಾಯಿತೆಂದು ಬರೆದರೆ ಬದುಕಿದ್ದ ಮಕ್ಕಳೂ ಪಟ್ಟಿಯಿಂದ ಹೋದಂತೆ. ಮೂಲದ ಪದವನ್ನು ಹಾಗೆಯೇ ಇಟ್ಟುಕೊಂಡು ಪಕ್ಕದಲ್ಲಿ ‘ಹೆಂಡತಿ’ ಎಂದು ಗುರುತು ಹಾಕಿಕೊಳ್ಳಿ.

‘ಮನೆಯವರು’ ಎಂಬ ಪದಕ್ಕೂ ಇದೇ ಎಚ್ಚರ ಬೇಕು. ಮದುವೆಯಾದ ಹೆಂಗಸು ‘ನಮ್ಮ ಮನೆಯವರು ಊರಲ್ಲಿಲ್ಲ’ ಎಂದರೆ ಗಂಡ ಊರಲ್ಲಿಲ್ಲ. ಮದುವೆಯಾಗದ ಹುಡುಗಿ ‘ನಮ್ಮ ಮನೆಯವರು ಒಪ್ಪಲಿಲ್ಲ’ ಎಂದರೆ ತಂದೆತಾಯಿ, ಅಣ್ಣತಮ್ಮಂದಿರು ಒಪ್ಪಲಿಲ್ಲ. ಗಂಡಸು ಹೇಳಿದರೆ ಹೆಂಡತಿಯೂ ಆಗಬಹುದು, ಮನೆಮಂದಿಯೂ ಆಗಬಹುದು. ಕ್ರಿಯಾಪದ ಎಲ್ಲ ಕಡೆಯೂ ಬಹುವಚನವೇ ಆದ್ದರಿಂದ ವ್ಯಾಕರಣದಿಂದ ಉತ್ತರ ಸಿಗುವುದಿಲ್ಲ, ಮಾತಾಡುತ್ತಿರುವವರು ಯಾರೆಂದು ನೋಡಬೇಕು. ಹೇಳಿಕೆ, ಸಾಕ್ಷ್ಯ ಬರೆದುಕೊಳ್ಳುವವರು ಅಲ್ಲಿಯೇ ಕೇಳಿ ‘ಗಂಡ’ ಎಂದೋ ‘ಹೆಂಡತಿ’ ಎಂದೋ ಸ್ಪಷ್ಟ ಮಾಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ‘ಕುಟುಂಬ’ ಸಂಸ್ಕೃತವೋ ಕನ್ನಡವೋ?

ಕನ್ನಡಕ್ಕೆ ಬಂದಿರುವುದು ಸಂಸ್ಕೃತದ ಮೂಲಕ, ಸಂಸ್ಕೃತದ ರೂಪದಲ್ಲೇ. ಆದರೆ ಸಂಸ್ಕೃತಕ್ಕೆ ಅದು ದ್ರಾವಿಡ ಭಾಷೆಗಳಿಂದ ಹೋಗಿರಬೇಕೆಂದು ಹೇಳುವ ಭಾಷಾವಿಜ್ಞಾನಿಗಳಿದ್ದಾರೆ. ತಮಿಳು, ಮಲಯಾಳಗಳಲ್ಲಿ ‘ಕುಡಿ’ ಎಂದರೆ ಮನೆ, ಮನೆತನ, ಪ್ರಜೆ. ತಮಿಳಿನಲ್ಲಿ ಗಣರಾಜ್ಯಕ್ಕೆ ‘ಕುಡಿಯರಸು’ ಎನ್ನುವುದು ಈ ‘ಕುಡಿ’ಯಿಂದಲೇ. ನಮ್ಮ ‘ಗುಡಿ’, ‘ಗುಡಿಸಲು’ ಇದೇ ಗುಂಪಿನವು.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ‘ವಂಶದ ಕುಡಿ’ ಎನ್ನುವಾಗಿನ ‘ಕುಡಿ’ ಬೇರೆ. ಅದು ಬಳ್ಳಿಯ ತುದಿ, ಚಿಗುರು. ದೀಪದ ಕುಡಿ, ಕುಡಿನೋಟ, ಕುಡಿಮೀಸೆ ಎಲ್ಲದರಲ್ಲೂ ಇರುವುದು ‘ತುದಿ’ ಎಂಬ ಅರ್ಥ. ಮನೆ ಎಂಬ ಅರ್ಥದ ಕುಡಿಗೂ ಇದಕ್ಕೂ ನಂಟು ಕಲ್ಪಿಸಿ ಭಾಷಣ ಮಾಡುವುದು ಚೆಂದ ಕೇಳಬಹುದು, ಸರಿಯಲ್ಲ.

ಪ್ರಶ್ನೆ: ಆಮಂತ್ರಣ ಪತ್ರಿಕೆಯಲ್ಲಿ ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂದು ಅಚ್ಚು ಹಾಕಿಸುತ್ತಾರೆ. ಸರಿಯೇ? ‘ಸಹಕುಟುಂಬ’ ಎನ್ನಬೇಕೆಂದು ಪುರೋಹಿತರು ತಿದ್ದಿದರು.

‘ಸ’ ಎಂದರೂ ‘ಸಮೇತ’ ಎಂದರೂ ‘ಜೊತೆಗೆ’ ಎಂದೇ ಅರ್ಥ. ಎರಡನ್ನೂ ಹಾಕಿದರೆ ‘ಕುಟುಂಬದೊಂದಿಗೆ ಜೊತೆಗೆ’ ಎಂದಂತಾಗುತ್ತದೆ. ‘ಸಕುಟುಂಬರಾಗಿ’ ಅಥವಾ ‘ಕುಟುಂಬ ಸಮೇತರಾಗಿ’, ಎರಡರಲ್ಲಿ ಒಂದು ಸಾಕು. ‘ಮನೆಮಂದಿಯೆಲ್ಲ ಬನ್ನಿ’ ಎಂದರೆ ಇನ್ನೂ ಚೆಂದ ಎನ್ನುವುದು ನಮ್ಮ ಅಭಿಪ್ರಾಯ.

ಪುರೋಹಿತರು ಹೇಳಿದ ‘ಸಹಕುಟುಂಬ’ ಸರಿ. ಸಂಕಲ್ಪದಲ್ಲಿ ‘ಅಸ್ಮಾಕಂ ಸಹಕುಟುಂಬಾನಾಂ’ ಎಂದು ಬರುವುದು ಅದೇ. ಆದರೆ ‘ಸಕುಟುಂಬ’ ತಪ್ಪಲ್ಲ. ಬಹುವ್ರೀಹಿ ಸಮಾಸದಲ್ಲಿ ‘ಸಹ’ ಎಂಬುದು ‘ಸ’ ಆಗುವುದನ್ನು ಪಾಣಿನಿ ವಿಕಲ್ಪವಾಗಿ ಒಪ್ಪಿದ್ದಾನೆ. ಸಹಪುತ್ರ, ಸಪುತ್ರ ಎರಡೂ ಉಂಟು. ತಿದ್ದುವ ಅಗತ್ಯ ಇರಲಿಲ್ಲ.

‘ಸಪರಿವಾರ’ ಬೇಕೆ ಎಂಬುದು ಬೇರೆ ಮಾತು. ಕನ್ನಡದಲ್ಲಿ ‘ಪರಿವಾರ’ ಎಂದರೆ ಮೊದಲಿನಿಂದಲೂ ಸುತ್ತ ಇರುವ ಆಳುಕಾಳು, ಹಿಂಬಾಲಕರು. ರಾಜ ಪರಿವಾರ ಸಮೇತ ಬೇಟೆಗೆ ಹೋಗುತ್ತಿದ್ದ. ಮುಖ್ಯ ದೇವರ ಸುತ್ತ ಪರಿವಾರ ದೇವತೆಗಳಿರುತ್ತಾರೆ. ಸುತ್ತುವರಿಯುವುದು ಎಂಬುದೇ ಅದರ ಮೂಲಾರ್ಥ. ‘ಜನತಾ ಪರಿವಾರ’ ಎಂಬ ರಾಜಕೀಯ ಬಳಕೆಯಲ್ಲೂ ಆ ಛಾಯೆ ಇದೆ. ಹೆಂಡತಿ ಮಕ್ಕಳಿಗೆ ‘ಪರಿವಾರ’ ಎನ್ನುವುದು ಹಿಂದಿಯಿಂದ ಬಂದ ರೂಢಿ. ಜಾಹೀರಾತುಗಳ ಅನುವಾದದಲ್ಲಿ ‘ನಿಮ್ಮ ಪರಿವಾರದ ಆರೋಗ್ಯಕ್ಕೆ’ ಎಂದು ಬರುವುದು ಹಾಗೆ. ಅಲ್ಲಿ ‘ಮನೆಯವರ’ ಎಂದರೆ ಸಾಕಿತ್ತು. ಕರ್ನಾಟಕದಲ್ಲಿ ‘ಪರಿವಾರ’ ಒಂದು ಸಮುದಾಯದ ಹೆಸರೂ ಹೌದು ಎಂಬುದು ನೆನಪಿರಲಿ.

ಪ್ರಶ್ನೆ: ‘ಮೃತರ ಕುಟುಂಬಸ್ಥರು’ ಎಂದು ಪತ್ರಿಕೆಗಳು ಬರೆಯುತ್ತವೆ. ಒಪ್ಪಬಹುದೆ? ‘ಕುಟುಂಬಿಕ’, ‘ಕೌಟುಂಬಿಕ’ ಯಾವುದು ಸರಿ?

‘ಸ್ಥ’ ಎಂದರೆ ‘ಇರುವವನು’. ಗೃಹಸ್ಥ, ಸಂಸಾರಸ್ಥ, ಕುಟುಂಬಸ್ಥ ಎಂದರೆ ಮನೆ ಮಠ, ಹೆಂಡತಿ ಮಕ್ಕಳ ಹೊಣೆ ಹೊತ್ತು ನಿಂತವನು. ‘ಆತ ಕುಟುಂಬಸ್ಥ, ಕೆಲಸದಿಂದ ತೆಗೆಯಬೇಡಿ’ ಎನ್ನುವಾಗ ಪದ ತನ್ನ ಸರಿಯಾದ ಜಾಗದಲ್ಲಿದೆ. ಆ ಅರ್ಥ ಹಿಡಿದರೆ ಮೃತರ ಐದು ವರ್ಷದ ಮಗು ‘ಕುಟುಂಬಸ್ಥ’ ಆಗುವುದಿಲ್ಲ. ಪತ್ರಿಕೆಗಳಲ್ಲಿ ‘ಕುಟುಂಬದ ಸದಸ್ಯ’ ಎಂಬ ಅರ್ಥ ಬೇರೂರಿಬಿಟ್ಟಿದೆ, ತಪ್ಪೆಂದು ಕೂಗಿ ಪ್ರಯೋಜನವಿಲ್ಲ. ಆದರೆ ‘ಕುಟುಂಬದವರು’ ಎಂಬ ಸರಳ ಪದ ಕೈಯಲ್ಲೇ ಇರುವಾಗ ಅದನ್ನು ಬಿಡುವ ಕಾರಣ ಕಾಣುವುದಿಲ್ಲ.

ವಿಶೇಷಣ ‘ಕೌಟುಂಬಿಕ’. ‘ಇಕ’ ಪ್ರತ್ಯಯ ಹತ್ತಿದಾಗ ಮೊದಲ ಸ್ವರಕ್ಕೆ ವೃದ್ಧಿ ಬರುತ್ತದೆ: ಮುಖ-ಮೌಖಿಕ, ಭೂಗೋಳ-ಭೌಗೋಳಿಕ, ಕುಟುಂಬ-ಕೌಟುಂಬಿಕ. ಹಾಗೆಂದು ಎಲ್ಲ ಕಡೆಯೂ ವಿಶೇಷಣವನ್ನೇ ತುರುಕಬೇಕಾಗಿಲ್ಲ. ಕುಟುಂಬ ಯೋಜನೆ, ಕುಟುಂಬ ಪಿಂಚಣಿ, ಕುಟುಂಬ ರಾಜಕಾರಣ ಇವೆಲ್ಲ ಸಮಾಸಗಳು. ಅಲ್ಲಿ ‘ಕೌಟುಂಬಿಕ’ ಬೇಡ. 1984ರ ಕಾಯ್ದೆಯಡಿ ಬಂದ ನ್ಯಾಯಾಲಯಗಳನ್ನು ‘ಕುಟುಂಬ ನ್ಯಾಯಾಲಯ’, ‘ಕೌಟುಂಬಿಕ ನ್ಯಾಯಾಲಯ’ ಎಂದು ಎರಡು ಬಗೆಯಲ್ಲೂ ಬರೆಯುತ್ತಾರೆ. ‘ಕೌಟುಂಬಿಕ ದೌರ್ಜನ್ಯ’ದಲ್ಲಿ ಮಾತ್ರ ವಿಶೇಷಣ ಬೇಕೇ ಬೇಕು: ದೌರ್ಜನ್ಯ ನಡೆಯುವುದು ಕುಟುಂಬದ ಒಳಗೆ. ‘ಕುಟುಂಬ ದೌರ್ಜನ್ಯ’ ಎಂದರೆ ಕುಟುಂಬದ ಮೇಲೆ ಯಾರೋ ಹೊರಗಿನವರು ಮಾಡಿದ್ದು ಎಂಬ ಅರ್ಥವೂ ಹೊರಡಬಹುದು.

ಕಾಗುಣಿತ ‘ಕುಟುಂಬ’. ಕುಟುಂಭ, ಕುಟಂಬ, ಕುಂಟುಬ ಮೂರೂ ಬೆರಳಚ್ಚಿನಲ್ಲಿ ಆಗಾಗ ಕಾಣುವ ತಪ್ಪುಗಳು. ಇನ್ನು ಕ್ರಿಯಾಪದ: ‘ಕುಟುಂಬ’ ನಪುಂಸಕ ಏಕವಚನ, ‘ಕುಟುಂಬ ವಲಸೆ ಹೋಯಿತು’. ‘ಕುಟುಂಬದವರು’ ಬಹುವಚನ, ‘ವಲಸೆ ಹೋದರು’. ‘ಇಡೀ ಕುಟುಂಬ ಪ್ರವಾಸಕ್ಕೆ ಹೊರಟಿದ್ದರು’ ಎಂಬಂಥ ವಾಕ್ಯಗಳಲ್ಲಿ ಆರಂಭ ಒಂದು ದಾರಿ, ಕೊನೆ ಇನ್ನೊಂದು ದಾರಿ.

ಪ್ರಶ್ನೆ: ಸಮಾಜ ಪಾಠದಲ್ಲಿ ತಂದೆ, ತಾಯಿ, ಮಕ್ಕಳು ಮಾತ್ರ ಇರುವುದಕ್ಕೆ ‘ವಿಭಕ್ತ ಕುಟುಂಬ’ ಎಂದಿದೆ. ನಮ್ಮ ವಕೀಲರು ‘ನಿಮ್ಮದು ಅವಿಭಕ್ತ ಕುಟುಂಬ’ ಎನ್ನುತ್ತಾರೆ. ನಾವು ಅಣ್ಣತಮ್ಮಂದಿರು ಬೇರೆ ಬೇರೆ ಊರಲ್ಲಿದ್ದೇವೆ. ಯಾರ ಮಾತು ಸರಿ?

ಇಬ್ಬರದೂ ಸರಿ. ಒಂದೇ ಪದವನ್ನು ಎರಡು ಅಳತೆಗೋಲಿನಿಂದ ಅಳೆದಿದ್ದಾರೆ, ಅಷ್ಟೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಪದ ತಪ್ಪಿದರೆ ಆಸ್ತಿಗೇ ತೊಡಕು.

‘ವಿಭಕ್ತ’ದಲ್ಲಿರುವುದು ‘ಭಜ್’ ಎಂಬ ಧಾತು: ಹಂಚು, ಪಾಲು ಮಾಡು. ಭಾಗ, ವಿಭಾಗ, ವಿಭಕ್ತಿ ಎಲ್ಲ ಅದರ ಮಕ್ಕಳು. ಹಾಗಾಗಿ ‘ವಿಭಕ್ತ’ ಎಂದರೆ ಪಾಲಾದದ್ದು, ‘ಅವಿಭಕ್ತ’ ಎಂದರೆ ಪಾಲಾಗದೆ ಇರುವುದು. ಹಿಂದೂ ಕಾನೂನಿನಲ್ಲಿ ಅವಿಭಕ್ತ ಕುಟುಂಬವನ್ನು ಊಟ, ಪೂಜೆ, ಆಸ್ತಿ ಮೂರರಲ್ಲೂ ಒಂದಾಗಿರುವುದೆಂದು ವರ್ಣಿಸುವುದು ವಾಡಿಕೆ. ಆದರೆ ಒಲೆ ಬೇರೆಯಾದ ಮಾತ್ರಕ್ಕೆ ಅದು ವಿಭಕ್ತವಾಗುವುದಿಲ್ಲ. ಒಬ್ಬ ತಮ್ಮ ಬೆಂಗಳೂರಿನಲ್ಲಿ, ಒಬ್ಬ ಹುಬ್ಬಳ್ಳಿಯಲ್ಲಿ, ಅಣ್ಣ ಊರಲ್ಲಿ ಜಮೀನು ನೋಡಿಕೊಂಡಿರಬಹುದು. ಪಾಲಾಗುವ ತನಕ ಕಾನೂನಿನ ಕಣ್ಣಿಗೆ ಅವರು ಅವಿಭಕ್ತರು. ಸಮಾಜಶಾಸ್ತ್ರ ನೋಡುವುದು ಒಂದೇ ಸೂರಿನಡಿ ಯಾರಿದ್ದಾರೆ ಎಂಬುದನ್ನು. ಅದರ ಲೆಕ್ಕದಲ್ಲಿ ಈ ಮೂವರದ್ದೂ ಮೂರು ವಿಭಕ್ತ ಕುಟುಂಬಗಳು.

ಪಠ್ಯಪುಸ್ತಕ ಬರೆದವರು ‘ವಿಭಕ್ತ’ವನ್ನು ಆಯ್ದುಕೊಂಡದ್ದು ಒಳ್ಳೆಯದಾಗಲಿಲ್ಲ ಎಂದೇ ನಾವು ಹೇಳುತ್ತೇವೆ. ಗಂಡ ಹೆಂಡತಿ ಮಕ್ಕಳ ಮನೆಗೆ ‘ಬಿಡಿ ಕುಟುಂಬ’ ಎನ್ನಬಹುದು. ಮೂರು ತಲೆಮಾರು ಒಟ್ಟಿಗಿದ್ದರೆ ‘ಕೂಡುಕುಟುಂಬ’. ಆಸ್ತಿಯ ಪ್ರಶ್ನೆ ಬಂದಾಗ ಮಾತ್ರ ವಿಭಕ್ತ, ಅವಿಭಕ್ತ. ‘ಚಿಕ್ಕ ಕುಟುಂಬ’ ಎಂಬುದೂ ಪೂರ್ತಿ ಹೊಂದುವುದಿಲ್ಲ. ಕುಟುಂಬ ಯೋಜನೆಯ ಪ್ರಚಾರದಿಂದಾಗಿ ಅದಕ್ಕೆ ‘ಕಡಿಮೆ ಮಕ್ಕಳಿರುವ ಮನೆ’ ಎಂಬ ಅರ್ಥ ಅಂಟಿದೆ. ‘ಕೂಡುಕುಟುಂಬ’ ಅರಿಸಮಾಸವಲ್ಲವೇ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ದೋಷವಲ್ಲವೇ ಎಂದು ಕೇಳುವವರುಂಟು. ಕನ್ನಡದ ಕೃದಂತ ಮೊದಲಲ್ಲಿರುವ ಗಮಕ ಸಮಾಸಕ್ಕೆ ಅರಿಸಮಾಸದ ದೋಷವಿಲ್ಲ. ‘ಸುಡುಗಾಡು’ ಇರುವಂತೆಯೇ ‘ಕೂಡುಕುಟುಂಬ’. ಉತ್ತರಪದ ಸಂಸ್ಕೃತದ್ದಾದ್ದರಿಂದ ಕಕಾರ ಗಕಾರವಾಗುವುದಿಲ್ಲ.

ಆಡುಮಾತಿನಲ್ಲಿ ಪಾಲಾಗುವುದಕ್ಕೆ ‘ಬೇರೆಯಾದರು’, ‘ಬೇರೆ ಹೋದರು’ ಎನ್ನುತ್ತೇವೆ. ಕೇಳುವವರು ಇದರಲ್ಲಿ ಎರಡು ಹಂತ ಬಿಡಿಸಿಕೊಳ್ಳಬೇಕು: ಒಲೆ ಬೇರೆಯಾದದ್ದೋ, ಆಸ್ತಿ ಪಾಲಾದದ್ದೋ? ಎರಡನೆಯದಾದರೆ ಪಾಲುಪತ್ರ, ವಿಭಾಗಪತ್ರ ಅಥವಾ ಉತ್ತರ ಕರ್ನಾಟಕದಲ್ಲಿ ‘ವಾಟ್ನಿ’ ಎನ್ನುವುದು ಇರುತ್ತದೆ. ಆ ಪತ್ರಗಳಲ್ಲಿ ಬರುವ ಜೋಡಿಪದ ಪಿತ್ರಾರ್ಜಿತ ಮತ್ತು ಸ್ವಯಾರ್ಜಿತ. ಪಿತೃ ಮತ್ತು ಆರ್ಜಿತ ಸೇರಿ ಪಿತ್ರಾರ್ಜಿತ, ಸರಿಯಾಗಿದೆ. ಸ್ವಯಂ ಮತ್ತು ಆರ್ಜಿತ ಸೇರಿದರೆ ‘ಸ್ವಯಮಾರ್ಜಿತ’ ಆಗಬೇಕಿತ್ತು. ಆದರೆ ದಸ್ತಾವೇಜುಗಳಲ್ಲೆಲ್ಲ ‘ಸ್ವಯಾರ್ಜಿತ’ವೇ ನೆಲೆಯೂರಿದೆ, ನಿಮ್ಮ ಪತ್ರದಲ್ಲಿ ಮಾತ್ರ ವ್ಯಾಕರಣ ತಿದ್ದಲು ಹೋಗಬೇಡಿ.

ಅವಿಭಕ್ತ ಕುಟುಂಬದಲ್ಲಿ ಹುಟ್ಟಿನಿಂದಲೇ ಪಾಲಿನ ಹಕ್ಕು ಯಾರಿಗೆ ಎಂಬುದೂ ಬದಲಾಗಿದೆ. ಮೊದಲು ಗಂಡುಮಕ್ಕಳಿಗೆ ಮಾತ್ರ ಇತ್ತು. ಕರ್ನಾಟಕ ತನ್ನದೇ ತಿದ್ದುಪಡಿ ತಂದು 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೂ ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆಗಿಹೋದ ಪಾಲು ಮಾತ್ರ ಹಾಗೆಯೇ ಉಳಿಯುತ್ತದೆ. ಹಾಗಾಗಿ ‘ಮದುವೆಯಾದ ಮಗಳು ಬೇರೆ ಕುಟುಂಬದವಳು’ ಎಂಬ ಮಾತು ನಿತ್ಯದ ಬಳಕೆಯಲ್ಲಿ ಇರಬಹುದು, ಅವಿಭಕ್ತ ಕುಟುಂಬದ ಆಸ್ತಿಯ ಲೆಕ್ಕದಲ್ಲಿ ನಿಲ್ಲುವುದಿಲ್ಲ. ವಂಶವೃಕ್ಷ ಬರೆಸುವಾಗ ಆಕೆಯ ಹೆಸರು ಬಿಟ್ಟು, ಆಮೇಲೆ ಇಡೀ ವಿಭಾಗವನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಾಗಾಗುವುದು ಇಲ್ಲಿಂದಲೇ.

ಪ್ರಶ್ನೆ: ಮಂಗಳೂರು ಕಡೆಯ ಗೆಳತಿ ‘ನನ್ನ ತಂದೆ ನಮ್ಮ ಕುಟುಂಬದವರಲ್ಲ’ ಎಂದಳು. ಇದು ಹೇಗೆ ಸಾಧ್ಯ?

ಅವಳು ಅಳಿಯಸಂತಾನದ ಲೆಕ್ಕದಲ್ಲಿ ಹೇಳಿದ್ದಾಳೆ, ಅಕ್ಷರಶಃ ನಿಜವನ್ನೇ. ದಕ್ಷಿಣ ಕನ್ನಡ ಮತ್ತು ಉಡುಪಿ ಕಡೆಯ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ವಂಶ ಎಣಿಸುವುದು ತಾಯಿಯ ಕಡೆಯಿಂದ. ಇಲ್ಲಿ ‘ಅಳಿಯ’ ಎಂದರೆ ಮಗಳ ಗಂಡನಲ್ಲ, ಅಕ್ಕತಂಗಿಯರ ಮಗ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಾರೆ. ತಂದೆ ತನ್ನ ತಾಯಿಯ ಕುಟುಂಬದವನಾಗಿಯೇ ಉಳಿಯುತ್ತಾನೆ. ಒಂದೇ ಮನೆಯಲ್ಲಿ ಗಂಡ ಹೆಂಡತಿ ಎರಡು ಕುಟುಂಬದವರಾಗಿ ಬಾಳುತ್ತಾರೆ. ಅವರ ‘ಬಳಿ’ಗಳೂ (ತಾಯಿಯ ಕಡೆಯಿಂದ ಬರುವ, ಗೋತ್ರದಂಥ ಗುಂಪು) ಬೇರೆ ಬೇರೆ, ಒಂದೇ ಬಳಿಯವರ ನಡುವೆ ಮದುವೆ ಇಲ್ಲ.

ಇದು ಬರೀ ಆಡುಮಾತಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆಯಲ್ಲಿ ‘ಕುಟುಂಬ’, ‘ಕವರು’ ಎಂಬ ನಮ್ಮ ಪದಗಳನ್ನೇ ಇಟ್ಟು ಅರ್ಥ ಬರೆದಿದ್ದಾರೆ. ಅಳಿಯಸಂತಾನ ಕಟ್ಟಿಗೆ ಒಳಪಟ್ಟು ಆಸ್ತಿಯಲ್ಲಿ ಒಂದಾಗಿರುವ ಗುಂಪು ಕುಟುಂಬ. ಅದರ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣಿನ ಕಡೆಯಿಂದ ಇಳಿದುಬಂದ ಅವಳ ಸಂತತಿ ಎಲ್ಲ ಸೇರಿ ಒಂದು ಕವರು. ಕವರು ಎಂದರೆ ಕವಲು. ನಡೆಸುವ ಹಿರಿಯ ಯಜಮಾನ, ಹೆಂಗಸಾದರೆ ಯಜಮಾನ್ತಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಸತ್ತವರ ಪಾಲು ಕುಟುಂಬದಲ್ಲೇ ಉಳಿಯುವುದು ನಿಂತು ವಾರಸುದಾರರಿಗೆ ಹೋಗತೊಡಗಿತು. ಆಸ್ತಿಯ ಕಟ್ಟು ಸಡಿಲಾದರೂ ಪದದ ಅರ್ಥ ಹಾಗೇ ಉಳಿದಿದೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದವರೂ ‘ಕುಟುಂಬದ ಮನೆಯಲ್ಲಿ ತಂಬಿಲ’ (ದೈವಗಳಿಗೆ ಸಲ್ಲಿಸುವ ಸೇವೆ) ಎಂದು ಊರಿಗೆ ಹೊರಡುತ್ತಾರೆ. ಆ ಮನೆ ಅವರು ಹುಟ್ಟಿದ ಮನೆಯಾಗಿರಬೇಕೆಂದಿಲ್ಲ, ತಾಯಿಯ ಮೂಲಮನೆ, ಕುಟುಂಬದ ದೈವಗಳಿರುವ ಮನೆ. ಕರಾವಳಿಯವರ ಬರಹ ತಿದ್ದುವವರ ಗಮನಕ್ಕೆ: ಅಲ್ಲಿ ‘ಕುಟುಂಬದ ಮನೆ’ಯನ್ನು ‘ಸ್ವಂತ ಮನೆ’ ಎಂದೋ ‘ತಂದೆಯ ಮನೆ’ ಎಂದೋ ತಿದ್ದಬೇಡಿ.

ಘಟ್ಟ ಹತ್ತಿ ಕೊಡಗಿಗೆ ಹೋದರೆ ಲೆಕ್ಕ ತಿರುಗುತ್ತದೆ. ಕೊಡವರಲ್ಲಿ ‘ಒಕ್ಕ’, ಅಂದರೆ ಮನೆತನ, ತಂದೆಯ ಕಡೆಯದು. ಒಕ್ಕದ ಮೂಲಮನೆ ಐನ್‌ಮನೆ, ಹಿರಿಯ ಪಟ್ಟೆದಾರ. ಮದುವೆಯಾದ ಹೆಣ್ಣು ಗಂಡನ ಒಕ್ಕಕ್ಕೆ ಸೇರುತ್ತಾಳೆ. ಒಕ್ಕದ ಹೆಸರು ವ್ಯಕ್ತಿಯ ಹೆಸರಿನ ಮುಂದೆ ಬರುತ್ತದೆ: ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅವರ ಹೆಸರಿನ ಮೊದಲ ‘ಕೆ’ ಕೊಡಂದೇರ ಎಂಬ ಒಕ್ಕ. ಅದನ್ನು ಊರಿನ ಹೆಸರೆಂದು ತಿಳಿಯುವುದು ಹೊರಗಿನವರ ಸಾಮಾನ್ಯ ತಪ್ಪು. 1997ರಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಒಂದೊಂದು ತಂಡ ಒಂದೊಂದು ಒಕ್ಕದ್ದು. ಅಲ್ಲಿ ‘ಕುಟುಂಬ’ ಎಂದು ವರದಿಯಾಗುವುದೆಲ್ಲ ಒಕ್ಕವೇ ಹೊರತು ಅಪ್ಪ ಅಮ್ಮ ಮಕ್ಕಳ ಮನೆಯಲ್ಲ.

ಪ್ರಶ್ನೆ: ಹಾಗಾದರೆ ‘ಒಕ್ಕಲು’ ಎಂಬುದಕ್ಕೂ ಕುಟುಂಬ ಎಂಬ ಅರ್ಥವಿದೆಯೆ? ನಮಗೆ ಗೊತ್ತಿರುವುದು ‘ಒಕ್ಕಲೆಬ್ಬಿಸು’ ಮಾತ್ರ.

ಇದೆ. ಕೊಡವರ ಒಕ್ಕ, ನಮ್ಮ ಒಕ್ಕಲು ಒಂದೇ ಬೇರಿನವು. ತಮಿಳಿನ ‘ಒಕ್ಕಲ್’ ಎಂದರೆ ನೆಂಟರು. ಕನ್ನಡದಲ್ಲಿ ಒಕ್ಕಲು ಎಂದರೆ ಒಂದು ಕಡೆ ನೆಲೆನಿಂತ ಮನೆ. ‘ಆ ಊರಲ್ಲಿ ಮೂವತ್ತು ಒಕ್ಕಲು’ ಎಂದರೆ ಮೂವತ್ತು ಮನೆತನ. ಹೀಗೆ ಎಣಿಸುವಾಗ ‘ಗಳು’ ಹಚ್ಚುವುದಿಲ್ಲ. ಶಾಸನಗಳಲ್ಲಿ ಗಾಣಿಗರ ಸಂಘವನ್ನು ‘ತೆಲ್ಲಿಗರಯ್ವತ್ತೊಕ್ಕಲು’ ಎಂದು ಕರೆದಿದೆ. ‘ಅರುವತ್ತೊಕ್ಕಲು’ ಎಂಬುದು ಇಂದಿಗೂ ಒಂದು ಪಂಗಡದ ಹೆಸರು.

ನೆಲೆನಿಂತು ಉಳುವವನು ಒಕ್ಕಲಿಗ, ಅವನ ಕಸುಬು ಒಕ್ಕಲುತನ. ಧಣಿಯ ನೆಲದಲ್ಲಿ ಗೇಣಿಗೆ ನಿಂತವನೂ ಒಕ್ಕಲೇ. ದೇವರೊಂದಕ್ಕೆ ತಲೆತಲಾಂತರದಿಂದ ನಡೆದುಕೊಳ್ಳುವ ಮನೆಗಳು ಆ ದೇವರ ಒಕ್ಕಲು. ಹೊಸಮನೆ ಹೊಗುವುದು ಮನೆಯೊಕ್ಕಲು. ನೆಲೆಯಿಂದ ಕಿತ್ತುಹಾಕುವುದು ಒಕ್ಕಲೆಬ್ಬಿಸುವುದು. ನೆಲ ಮತ್ತು ಮನೆ ಎರಡೂ ಸೇರಿದ ಇಂಥ ಪದ ಕನ್ನಡದಲ್ಲಿ ಇನ್ನೊಂದಿಲ್ಲ. ‘ಸ್ಥಳಾಂತರಗೊಂಡ ಕುಟುಂಬಗಳು’ ಎಂದು ಬರೆಯುವ ಕಡೆ ‘ಒಕ್ಕಲೆದ್ದ ಮನೆಗಳು’ ಎಂದು ಬರೆದು ನೋಡಿ, ತೂಕ ಗೊತ್ತಾಗುತ್ತದೆ. ಕಣದಲ್ಲಿ ತೆನೆ ಬಡಿದು ಕಾಳು ಬೇರೆ ಮಾಡುವ ‘ಒಕ್ಕಲು’ ಇದೆಯಲ್ಲ, ಅದನ್ನು ಇದರೊಡನೆ ಬೆರೆಸಬೇಡಿ. ಅದು ‘ಒಕ್ಕು’ ಎಂಬ ಕ್ರಿಯಾಪದದಿಂದ ಬಂದದ್ದು.

ಪ್ರಶ್ನೆ: ‘ಸಂಸಾರ’, ‘ಕುಟುಂಬ’ ಅದಲುಬದಲು ಮಾಡಬಹುದೆ?

ಕೆಲವು ಕಡೆ ಮಾತ್ರ. ‘ದೊಡ್ಡ ಸಂಸಾರ’, ‘ದೊಡ್ಡ ಕುಟುಂಬ’ ಎರಡೂ ನಡೆಯುತ್ತವೆ. ಆದರೆ ಸಂಸಾರವನ್ನು ಹೂಡುತ್ತೇವೆ, ಸಾಗಿಸುತ್ತೇವೆ, ತೂಗಿಸುತ್ತೇವೆ. ಕುಟುಂಬವನ್ನು ತೂಗಿಸುವುದಿಲ್ಲ, ಸಾಕುತ್ತೇವೆ, ಪೋಷಿಸುತ್ತೇವೆ. ಸಂಸಾರ ಒಂದು ನಡೆ, ಕುಟುಂಬ ಒಂದು ಗುಂಪು. ಸಂಸ್ಕೃತದಲ್ಲಿ ಸಂಸಾರದ ಮೂಲಾರ್ಥ ಸರಿಯುತ್ತ ಹೋಗುವುದು, ಹುಟ್ಟುಸಾವಿನ ಸುತ್ತಾಟ. ಬಸವಣ್ಣನವರು ‘ಸಂಸಾರವೆಂಬುದೊಂದು ಗಾಳಿಯ ಸೊಡರು’ ಎಂದಾಗ ಹೆಂಡತಿ ಮಕ್ಕಳನ್ನಷ್ಟೇ ಹೇಳುತ್ತಿಲ್ಲ, ಲೋಕದ ಬದುಕನ್ನೇ ಹೇಳುತ್ತಿದ್ದಾರೆ. ಅದನ್ನು ‘ಕುಟುಂಬ’ ಎಂದು ವಿವರಿಸಿದರೆ ವಚನವೇ ಕುಗ್ಗುತ್ತದೆ. ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ಗಾದೆಯಲ್ಲಿರುವುದು ಗಂಡಹೆಂಡಿರ ಒಳಬದುಕು. ಅಲ್ಲೂ ‘ಕುಟುಂಬ’ ಹೊಂದುವುದಿಲ್ಲ. ಇದೇ ಪದ ಮಲಯಾಳಕ್ಕೆ ಹೋಗಿ ‘ಮಾತುಕತೆ’ ಆಗಿದೆ. ಮಲಯಾಳಿ ನೆರೆಯವರು ‘ಸಂಸಾರಿಚ್ಚು’ ಎಂದರೆ ಮಾತಾಡಿದರು ಎಂದಷ್ಟೇ.

ಪ್ರಶ್ನೆ: ಸರ್ಕಾರಿ ನಮೂನೆಗಳಲ್ಲಿ ‘ಕುಟುಂಬದ ಸದಸ್ಯರು’ ಎಂದಿರುವಲ್ಲಿ ಯಾರ ಯಾರ ಹೆಸರು ಬರೆಯಬೇಕು? ಒಂದೊಂದು ಕಚೇರಿಯಲ್ಲಿ ಒಂದೊಂದು ಹೇಳುತ್ತಾರೆ.

ಒಂದೊಂದು ಕಾನೂನಿನಲ್ಲಿ ಆ ಪದಕ್ಕೆ ಒಂದೊಂದು ಅರ್ಥ ಇರುವುದರಿಂದಲೇ ಹಾಗಾಗುತ್ತದೆ. ಜನಗಣತಿಗೆ ಒಲೆಯೇ ಅಳತೆ: ಸಾಮಾನ್ಯವಾಗಿ ಒಟ್ಟಿಗಿದ್ದು ಒಂದೇ ಅಡುಗೆಮನೆಯ ಊಟ ಮಾಡುವವರೆಲ್ಲ ಒಂದು ಕುಟುಂಬ. ರಕ್ತಸಂಬಂಧ ಬೇಕಿಲ್ಲ; ಮನೆಯಲ್ಲೇ ಇದ್ದು ಅಲ್ಲೇ ಉಣ್ಣುವ ಕೆಲಸದವರೂ ಸೇರುತ್ತಾರೆ, ಒಬ್ಬಂಟಿಯೂ ಒಂದು ಕುಟುಂಬವೇ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯ ವ್ಯಾಖ್ಯೆ ರಕ್ತ, ಮದುವೆ ಅಥವಾ ದತ್ತಿನ ಸಂಬಂಧವನ್ನು ಕೇಳಿತು, ಜೊತೆಗೆ ಒಟ್ಟಿಗೆ ವಾಸವಿದ್ದು ಊಟ ಒಂದಾಗಿರಬೇಕು ಅಥವಾ ಪಡಿತರ ಚೀಟಿ ಒಂದಾಗಿರಬೇಕು ಎಂದಿತು. ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961ರಲ್ಲಿ ಗಂಡ, ಹೆಂಡತಿ, ಅಪ್ರಾಪ್ತ ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು. ವಯಸ್ಸಿಗೆ ಬಂದ ಮಗ ಒಂದೇ ಒಲೆಯಲ್ಲಿ ಉಂಡರೂ ಅದರೊಳಗಿಲ್ಲ.

ಹಾಗಾಗಿ ನಮೂನೆ ತುಂಬುವ ಮೊದಲು ಅದರ ಹಿಂಬದಿಯ ಸೂಚನೆ ಓದಿ, ಅಳತೆ ಒಲೆಯದೋ ಸಂಬಂಧದ್ದೋ ಆಸ್ತಿಯದೋ ಎಂದು ನೋಡಿಕೊಳ್ಳಿ. ಪಡಿತರ ಚೀಟಿಯ ಪಟ್ಟಿಯನ್ನೇ ವಂಶವೃಕ್ಷದ ಅರ್ಜಿಗೆ ಇಳಿಸುವುದು ದೊಡ್ಡ ತಪ್ಪು. ಚೀಟಿಯಲ್ಲಿರುವುದು ಈಗ ಉಣ್ಣುತ್ತಿರುವವರು. ವಂಶವೃಕ್ಷದಲ್ಲಿ ತೀರಿಕೊಂಡವರೂ ಮದುವೆಯಾಗಿ ಹೋದವರೂ ಬರಬೇಕು.

‘ಮುಖ್ಯಸ್ಥ’ ಎಂದರೆ ಗಂಡಸೇ ಎಂದು ತಿಳಿಯಬೇಕಾಗಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಪಡಿತರ ಚೀಟಿಯ ಮಟ್ಟಿಗೆ 18 ತುಂಬಿದ ಹೆಂಗಸರಲ್ಲಿ ಹಿರಿಯಳೇ ಮನೆಯ ಮುಖ್ಯಸ್ಥೆ. ಕರ್ನಾಟಕದ ಗೃಹಲಕ್ಷ್ಮಿ ಯೋಜನೆ 2023ರಲ್ಲಿ ತಿಂಗಳಿಗೆ ₹2,000 ಕೊಡಲು ಶುರುಮಾಡಿದ್ದು ‘ಮನೆಯ ಯಜಮಾನಿ’ಗೆ. ಯಜ್ಞ ಮಾಡಿಸುವವನು ಎಂಬ ಅರ್ಥದ ‘ಯಜಮಾನ’ದಿಂದ ಹೊರಟ ಪದ ಹೀಗೆ ಮನೆ ನಡೆಸುವ ಹೆಂಗಸಿಗೆ ಸಂದಿತು.

ಪ್ರಶ್ನೆ: ನೆಂಟ, ಬೀಗ, ದಾಯಾದಿ. ಇವರೆಲ್ಲ ಕುಟುಂಬದ ಒಳಗೋ ಹೊರಗೋ?

ದಾಯಾದಿ ಒಳಗಿನವನು. ‘ದಾಯ’ ಎಂದರೆ ಪಾಲಿಗೆ ಬರುವ ಆಸ್ತಿ, ಅದನ್ನು ಪಡೆಯುವವನು ದಾಯಾದ, ಕನ್ನಡದಲ್ಲಿ ದಾಯಾದಿ. ಪಾಲಿದ್ದಲ್ಲಿ ಜಗಳ ಇರುವುದರಿಂದ ‘ದಾಯಾದಿ’ಗೆ ಹಗೆ ಎಂಬ ಛಾಯೆ ಬಂತು, ‘ದಾಯಾದಿ ರಾಷ್ಟ್ರ’ ಎಂದು ಪತ್ರಿಕೆಗಳು ಬರೆಯುವುದು ಆ ಅರ್ಥದಲ್ಲಿ. ನೆಂಟರು ಹೆಚ್ಚಾಗಿ ಮದುವೆಯ ಮೂಲಕ ಬಂದವರು. ಬೀಗರು ಮಗ ಅಥವಾ ಮಗಳ ಅತ್ತೆಮಾವಂದಿರು. ಉತ್ತರ ಕರ್ನಾಟಕದಲ್ಲಿ ಅದು ಹಿಗ್ಗಿ ಮನೆಗೆ ಬಂದ ನೆಂಟರೆಲ್ಲ ‘ಬೀಗರು’ ಆಗುತ್ತಾರೆ. ‘ಬಳಗ’ ಎಲ್ಲರನ್ನೂ ಒಳಗೊಳ್ಳುವ ಪದ, ಅದಕ್ಕೆ ಗಡಿಯಿಲ್ಲ. ಓದುಗರ ಬಳಗ ಎಂದೂ ಹೇಳುತ್ತೇವೆ.

ಪ್ರಶ್ನೆ: ಶಾಲೆಯ ಗೋಡೆಗೆ ‘ವಸುದೈವ ಕುಟುಂಬಕಂ’ ಎಂದು ಬರೆಸಬೇಕು. ಕಾಗುಣಿತ ಸರಿಯೇ?

ಅಲ್ಲ. ‘ವಸುಧಾ’ ಎಂದರೆ ಭೂಮಿ, ‘ಏವ’ ಎಂದರೆ ಇಲ್ಲಿ ‘ಮಾತ್ರ’ ಎಂದಲ್ಲ, ‘-ಏ’ ಎಂಬ ಒತ್ತು. ಎರಡೂ ಸೇರಿ ವೃದ್ಧಿಸಂಧಿಯಿಂದ ‘ವಸುಧೈವ’, ಭೂಮಿಯೇ ಕುಟುಂಬ. ‘ಧ’ ಮಹಾಪ್ರಾಣವೇ ಆಗಬೇಕು. ‘ವಸುದೈವ’ ಎಂದರೆ ಓದುವವರಿಗೆ ‘ದೈವ’ ಕಾಣಿಸಿ ಅರ್ಥ ಕೆಡುತ್ತದೆ. ಮಹೋಪನಿಷತ್ತಿನಲ್ಲೂ ಹಿತೋಪದೇಶದಲ್ಲೂ ಬರುವ ಶ್ಲೋಕದ ಕೊನೆಯ ಪಾದ ಇದು. ‘ಇವನು ನಮ್ಮವನು, ಅವನು ಪರಕೀಯ’ ಎಂದು ಎಣಿಸುವುದು ಸಣ್ಣ ಮನಸ್ಸಿನವರ ಲೆಕ್ಕ ಎಂಬುದು ಮೊದಲರ್ಧ. ಜಾಗವಿದ್ದರೆ ಎರಡೂ ಸಾಲು ಬರೆಸಿ, ಕೆಳಗೆ ಕನ್ನಡದಲ್ಲಿ ಅರ್ಥವನ್ನೂ ಹಾಕಿಸಿ. ಬಣ್ಣ ಬಳಿಯುವವರ ಕೈಗೆ ಕೊಡುವ ಚೀಟಿಯಲ್ಲಿ ‘ಧೈ’ ಅಕ್ಷರವನ್ನು ದೊಡ್ಡದಾಗಿ ಬರೆದುಕೊಡಿ.